ನಮ್ಮೂರಿಗೂ ಒಂದು ಸಮುದ್ರವಿತ್ತು

ಕಲಬುರಗಿಯ ಹಳೆಯ ಮನೆಗಳಲ್ಲಿ ಬಾಳುವೆ ಮಾಡಿದ ಹೆಣ್ಣುಮಕ್ಕಳಿಗೆ ಶಹಾಬಾದ ಕಲ್ಲನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪಡಸಾಲೆ, ಅಡುಗೆಮನೆ, ಬಚ್ಚಲು, ಕೊಡ ಇಡುವ ಕಟ್ಟೆ ಎಲ್ಲವೂ ಅದೇ ಬೂದು ಬಂಡೆ. ಏಪ್ರಿಲ್, ಮೇ ತಿಂಗಳಲ್ಲಿ ಅದರ ಮೇಲೆ ನೀರು ಚಿಮುಕಿಸಿ ಬರಿನೆಲಕ್ಕೆ ಮಲಗಿದವರು ನಾವೆಲ್ಲ. ಜೀವಮಾನದಲ್ಲಿ ಎಷ್ಟು ಸಾವಿರ ಸಲ ಅದನ್ನು ಒರೆಸಿದ್ದೇವೋ, ಲೆಕ್ಕ ಇಟ್ಟವರಿಲ್ಲ. ಆ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದರೆ ಮಾತ್ರ ನಮ್ಮವರು ನಗುತ್ತಾರೆ. ಭೂವಿಜ್ಞಾನಿಗಳು ಹೇಳುವುದು ಅದನ್ನೇ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಒಂದು ಹುಲ್ಲುಕಡ್ಡಿ ಕೂಡ ಹುಟ್ಟಿರದ ಕಾಲದಲ್ಲಿ, ಈಗಿನ ಭೀಮಾ ಸೀಮೆಯ ಮೇಲೆ ಆಳವಿಲ್ಲದ ಸಮುದ್ರವೊಂದು ಹರಡಿಕೊಂಡಿತ್ತು. ಅದರ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಗಣಿಯಲ್ಲಿ ಅದು ಹಲಗೆ ಹಲಗೆಯಾಗಿ ಬಿಚ್ಚಿಕೊಳ್ಳುವುದಕ್ಕೂ ಅದೇ ಕಾರಣ. ನನ್ನ ತವರು ಕಮಲಾಪುರದ ಕಡೆ ಹೋದರೆ ಈ ಕಲ್ಲು ಕಾಣುವುದಿಲ್ಲ. ಅಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಎಲ್ಲವನ್ನೂ ಮುಚ್ಚಿಬಿಟ್ಟಿದೆ. ನಮ್ಮ ಕೆಂಪು ಬಾಳೆ ಬೆಳೆಯುವುದು ಆ ಲಾವಾದಿಂದಾದ ಮಣ್ಣಿನಲ್ಲಿ.

ಆದರೆ ನಾನು ಹೇಳಹೊರಟದ್ದು ಅಷ್ಟು ಹಳೆಯ ಸಮುದ್ರದ ಮಾತಲ್ಲ. ಅದಕ್ಕಿಂತ ತೀರ ಈಚಿನದು, ಆರೇಳು ನೂರು ವರ್ಷಗಳದು. ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದೆ. ಬಹಮನಿ ರಾಜ್ಯ ಅಂದರೆ 1347ರಲ್ಲಿ ಕಲಬುರಗಿಯಲ್ಲಿ ಸ್ಥಾಪನೆ, 1367ರಲ್ಲಿ ಕೋಟೆಯೊಳಗಿನ ಜಾಮಿ ಮಸೀದಿ, ವಿಜಯನಗರದ ಜೊತೆ ರಾಯಚೂರು ದೋಆಬಿನ ಜಗಳ, ಆಮೇಲೆ ರಾಜಧಾನಿ ಬೀದರಿಗೆ. ಪಠ್ಯಪುಸ್ತಕ ಇದಿಷ್ಟನ್ನೇ ಹೇಳಿ ಮುಗಿಸುತ್ತಿತ್ತು. ಎಲ್ಲ ಕಲ್ಲು, ಕೋಟೆ, ಕತ್ತಿ. ನೀರಿನ ಸುದ್ದಿ ಬಂದರೆ ಕೃಷ್ಣೆ, ತುಂಗಭದ್ರೆಗಳದು ಮಾತ್ರ. ಕೋಟೆಯೊಳಗಿನ ಕುದುರೆ ಎಲ್ಲಿಂದ ಬಂತು, ಹಳ್ಳಿಯ ಅಡುಗೆಗೆ ಉಪ್ಪು ಎಲ್ಲಿಂದ ಬಂತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಈ ಪ್ರಶ್ನೆಗಳ ಬೆನ್ನು ಹತ್ತಿ ಓದಿದೆ. ಓದಿದಷ್ಟೂ ದಾರಿಯೆಲ್ಲ ಪಶ್ಚಿಮದ ಉಸುಕಿನ ದಂಡೆಗೇ ಹೋಗಿ ಮುಟ್ಟುತ್ತಿತ್ತು. ಹಾಗಾಗಿ ಕಳೆದ ಚಳಿಗಾಲದಲ್ಲಿ ನಾವು ನಾಲ್ವರು ಹೆಂಗಸರು ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಐದು ದಿನ ತಿರುಗಾಡಿ ಬಂದೆವು. ನಾನು, ನೆರೆಮನೆಯ ಇಬ್ಬರು ಗೆಳತಿಯರು, ಮತ್ತು ಕಮಲಾಪುರದ ನಮ್ಮ ವೈನಿ. ವೈನಿಗೆ ಎಪ್ಪತ್ತರ ಹತ್ತಿರ. ಸಮುದ್ರ ನೋಡಿದವರಲ್ಲ. ಗಾಡಿ ಹೊಡೆಯುವ ಹುಡುಗ ಕಮಲಾಪುರದ ಹತ್ತಿರದ ತಾಂಡಾದವನು, ಲಂಬಾಣಿ. ಅವನೂ ಸಮುದ್ರ ನೋಡಿರಲಿಲ್ಲ.

ವೈನಿ ಒಂದು ಬುಟ್ಟಿ ಕೆಂಪು ಬಾಳೆಹಣ್ಣು, ಎರಡು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಶೀಸೆ ಉಪ್ಪಿನಕಾಯಿ ಕಟ್ಟಿಕೊಂಡು ಬಂದಿದ್ದರು. "ಅಲ್ಲಿ ಅನ್ನ ಒಂದೇ ಸಿಗ್ತದಂತ, ಖರೇ ಏನು?" ಎಂದು ಮೂರು ಸಲ ಕೇಳಿದರು. ಖರೇ ಎಂದೆ.

ಜೇವರ್ಗಿ ದಾರಿಯಲ್ಲಿ ಭೀಮೆಯ ದಂಡೆಯ ಮೇಲೆ ಫಿರೋಜಾಬಾದ ಇದೆ. ಈಗ ನೋಡಿದರೆ ಬಿದ್ದ ಗೋಡೆ, ಜಾಲಿಗಿಡ, ನಡುವೆ ಮಸೀದಿಯ ಅವಶೇಷ. 1397ರಿಂದ 1422ರ ತನಕ ಆಳಿದ ಫಿರೋಜಶಹಾ ಬಹಮನಿ ಕಟ್ಟಿಸಿದ ಅರಮನೆ ನಗರವಿದು. ಅವನು ಪ್ರತಿವರ್ಷ ಗೋವಾ ಮತ್ತು ಚೌಲ ಬಂದರುಗಳಿಂದ ಹಡಗು ಕಳಿಸಿ ದೂರದೇಶಗಳ ಸರಕನ್ನೂ, ಅದಕ್ಕಿಂತ ಹೆಚ್ಚಾಗಿ ವಿದ್ಯಾವಂತರನ್ನೂ ಕರೆಸಿಕೊಳ್ಳುತ್ತಿದ್ದ ಎಂದು ಫೆರಿಷ್ತಾ ಬರೆದಿದ್ದಾನೆ. ಇದೇ ಫಿರೋಜಾಬಾದಿನ ಜನಾನಾದಲ್ಲಿ ಅರಬ, ತುರ್ಕ, ಜಾರ್ಜಿಯಾ, ಬಂಗಾಲ, ಗುಜರಾತ, ತೆಲಂಗಾಣ ಹೀಗೆ ನಾನಾ ಸೀಮೆಯ ಹೆಂಗಸರಿದ್ದರಂತೆ. ಸುಲ್ತಾನ ಒಬ್ಬೊಬ್ಬಳ ಜೊತೆಗೂ ಅವಳವಳ ಭಾಷೆಯಲ್ಲೇ ಮಾತಾಡುತ್ತಿದ್ದನಂತೆ. ಫೆರಿಷ್ತಾ ಬರೆದದ್ದು ಎರಡು ನೂರು ವರ್ಷಗಳ ನಂತರ. ರಾಜರ ವಿಷಯದಲ್ಲಿ ಸ್ವಲ್ಪ ಉಪ್ಪು ಖಾರ ಹಚ್ಚುವ ಅಭ್ಯಾಸವೂ ಅವನಿಗಿತ್ತು. ಅರ್ಧ ನಂಬಿದರೂ ಸಾಕು, ಆ ಹೆಂಗಸರಲ್ಲಿ ಕೆಲವರಾದರೂ ಹಡಗಿನಲ್ಲಿ ಬಂದು ಯಾವುದೋ ದಂಡೆಯ ಉಸುಕಿನ ಮೇಲೆ ಕಾಲಿಟ್ಟು, ಅಲ್ಲಿಂದ ಘಟ್ಟ ಹತ್ತಿ, ಈ ಜೋಳದ ಸೀಮೆಗೆ ಬಂದವರು. ಅವರ ಒಂದು ಹೆಸರೂ ಉಳಿದಿಲ್ಲ. ಈ ಕತೆ ಹೇಳಿದಾಗ ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಭಾಷಾ ಕಲಿತಿದ್ದ ಅಂತೀ. ಊರಿಗಿ ಹೋಗಬೇಕೇನು ಅಂತ ಒಬ್ಬಾಕಿಗರೆ ಕೇಳಿದ್ನೇನು?" ಎಂದರು. ಫೆರಿಷ್ತಾ ಅದನ್ನು ಬರೆದಿಲ್ಲ.

ಕುದುರೆಯ ವಿಷಯದಲ್ಲಿ ಸಾಕ್ಷಿ ಇನ್ನೂ ಗಟ್ಟಿ. ನಮ್ಮ ದಖ್ಖನ್ನಿನ ಹವೆ ಕುದುರೆ ಸಾಕಣೆಗೆ ಒಗ್ಗುವುದಿಲ್ಲ. ಒಳ್ಳೆಯ ಯುದ್ಧದ ಕುದುರೆ ಅರಬಸ್ತಾನ, ಇರಾಣದಿಂದ ಹಡಗಿನಲ್ಲೇ ಬರಬೇಕಾಗಿತ್ತು. 1469ರಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದೇ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲದಲ್ಲಿ ಇಳಿದ. ಜುನ್ನರದ ಅಧಿಕಾರಿ ಅದನ್ನು ಕಿತ್ತುಕೊಂಡು, ನಮ್ಮ ಧರ್ಮಕ್ಕೆ ಬಂದರೆ ಕೊಡುತ್ತೇನೆ ಎಂದ. ಹೇಗೋ ಧರ್ಮವನ್ನೂ ಕುದುರೆಯನ್ನೂ ಎರಡನ್ನೂ ಉಳಿಸಿಕೊಂಡು ನಿಕಿತಿನ್ ಬೀದರಿಗೆ ಬಂದ, ಕಲಬುರಗಿಯನ್ನೂ ನೋಡಿದ. ಅವನ ಬರಹದಲ್ಲಿ ನಮ್ಮ ಆಳಂದದ ಜಾತ್ರೆಯ ವರ್ಣನೆಯಿದೆ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಆ ಸಂತೆಗೆ 20,000 ಕುದುರೆಗಳನ್ನು ತರುತ್ತಾರೆ ಎಂದು ಬರೆದಿದ್ದಾನೆ. ಈ ಸಂಖ್ಯೆಯನ್ನು ನಾನು ತೂಕ ಮಾಡಿ ಹೇಳುತ್ತಿಲ್ಲ, ವ್ಯಾಪಾರಿಯ ಕಣ್ಣಳತೆ. ಆದರೂ ಆಳಂದದ ಸಂತೆಯಲ್ಲಿ ಸಮುದ್ರ ದಾಟಿ ಬಂದ ಕುದುರೆ ನಿಂತಿತ್ತು ಎಂಬುದೇ ದೊಡ್ಡ ಮಾತು. ನಾವು ಆಳಂದಕ್ಕೆ ಲಾಡ್ಲೆ ಮಶಾಯಕರ ದರ್ಗಾಕ್ಕೆ ಎಷ್ಟೋ ಸಲ ಹೋಗಿದ್ದೇವೆ, ಯಾರಾದರೂ ಸಮುದ್ರವನ್ನು ನೆನೆದದ್ದುಂಟೆ?

ವಿಜಯಪುರ, ಬಾಗಲಕೋಟೆ ದಾಟಿ ರಾತ್ರಿಗೆ ಹುಬ್ಬಳ್ಳಿ. ಮರುದಿನ ಯಲ್ಲಾಪುರದ ಕಾಡು, ಅರಬೈಲು ಘಟ್ಟ. ಘಟ್ಟ ಇಳಿಯುತ್ತಿದ್ದಂತೆ ಗಾಳಿ ತೇವವಾಯಿತು, ಗೆಳತಿಯೊಬ್ಬರ ಕನ್ನಡಕ ಮಂಜಾಯಿತು. ಅಂಕೋಲೆಯ ದಂಡೆಗೆ ಹೋದಾಗ ಮಧ್ಯಾಹ್ನ. ವೈನಿ ಸೆರಗು ಬಿಗಿದು ನೀರಿನ ತನಕ ಹೋದರು, ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು, ಮುಖ ಸಿಂಡರಿಸಿದರು. "ಇಷ್ಟು ನೀರು ಯಾತಕ್ಕೂ ಬರಂಗಿಲ್ಲಲ್ಲ" ಎಂಬುದೇ ಅವರ ಮೊದಲ ಮಾತು. ಬರದ ಸೀಮೆಯವರಿಗೆ ಇನ್ನೇನು ಹೊಳೆದೀತು!

ಬರುವುದಿದೆ, ಉಪ್ಪಿಗೆ ಬರುತ್ತದೆ. 1930ರ ಏಪ್ರಿಲ್ 13ರಂದು ಇದೇ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಜನ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆಯಲ್ಲೂ ಈ ತಾಲೂಕು ಮುಂಚೂಣಿಯಲ್ಲಿ ನಿಂತದ್ದರಿಂದ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಆಗ ನಾವು ನಿಜಾಮನ ರಾಜ್ಯದಲ್ಲಿದ್ದೆವು, ಆ ಹೋರಾಟ ನಮಗೆ ದೂರದ ಸುದ್ದಿ. ಆದರೆ ಉಪ್ಪು ಮಾತ್ರ ದೂರದ್ದಲ್ಲ. ಗೋಕರ್ಣದ ಹತ್ತಿರ ಸಾಣೀಕಟ್ಟೆಯ ಉಪ್ಪಿನ ಗದ್ದೆಗಳ ಮುಂದೆ ಗಾಡಿ ನಿಲ್ಲಿಸಿದಾಗ ನಾನು ಡ್ರೈವರ್ ಹುಡುಗನಿಗೆ ಹೇಳಿದೆ, ನಿಮ್ಮವರ ಕತೆ ಇಲ್ಲಿಂದ ಶುರುವಾಗುತ್ತದೆ ನೋಡಪ್ಪ ಎಂದು. ಲಂಬಾಣಿ ಎಂಬ ಹೆಸರೇ ಲವಣದಿಂದ, ಅಂದರೆ ಉಪ್ಪಿನಿಂದ ಬಂತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ರಸ್ತೆ, ರೈಲು ಇಲ್ಲದ ಕಾಲದಲ್ಲಿ ಸಾವಿರಾರು ಎತ್ತುಗಳ ಮೇಲೆ ಕಾಳುಕಡಿ ಹೇರಿಕೊಂಡು ಕಡಲ ಕಡೆ ಹೋಗಿ, ಉಪ್ಪು ಹೇರಿಕೊಂಡು ಒಳನಾಡಿಗೆ ಬರುತ್ತಿದ್ದವರು ಅವರು. ಸೈನ್ಯಗಳಿಗೆ ದವಸ ಒದಗಿಸುತ್ತಿದ್ದವರೂ ಅವರೇ. ಹೆಂಗಸರು, ಮಕ್ಕಳು, ಅಡುಗೆಯ ಪಾತ್ರೆ ಸಮೇತ ಇಡೀ ಸಂಸಾರ ಎತ್ತಿನ ಹಿಂದೆ ನಡೆಯುತ್ತಿತ್ತು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. ಕಲಬುರಗಿಯ ಮೇಲೂ ರೈಲು ಓಡಿತು. ಎತ್ತಿನ ಸಾಲು ಕರಗಿಹೋಯಿತು. ದಾರಿಯಲ್ಲೇ ಬದುಕಿದವರು ದಾರಿ ಬಿಟ್ಟು ತಾಂಡಾ ಕಟ್ಟಿಕೊಂಡು ನೆಲೆ ನಿಂತರು, ಕೂಲಿಗೆ ಇಳಿದರು. ಕಮಲಾಪುರದ ಸುತ್ತ ಇಷ್ಟೊಂದು ತಾಂಡಾಗಳು ಇರುವುದರ ಹಿಂದೆ ಈ ಕತೆಯೂ ಇದೆ. ಹುಡುಗ ಗದ್ದೆಯ ಬದುವಿನಿಂದ ಒಂದು ಹರಳು ಉಪ್ಪು ಎತ್ತಿ ನೋಡಿದ. "ನಮ್ಮ ತಾಂಡಾದಾಗ ಯಾರೂ ಇದು ಹೇಳಂಗಿಲ್ರೀ ಮೇಡಂ. ಪುಣೆ, ಮುಂಬೈಗಿ ದುಡಿಲಿಕ್ಕಿ ಹೋಗೋದೇ ನಮ್ಮ ಕತಿ ಅಂತ ತಿಳಕೊಂಡೀವಿ" ಎಂದ.

ಅಂಕೋಲೆ ಬಿಡುವ ಮುಂಚೆ ಇನ್ನೊಂದು ಮಾತು. ಹಾಲಕ್ಕಿ ಒಕ್ಕಲಿಗರ ಹೆಂಗಸರು ಕೊರಳ ತುಂಬ ಮಣಿಸರ ಹಾಕಿಕೊಂಡು ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. 2017ರಲ್ಲಿ ಪದ್ಮಶ್ರೀ ಪಡೆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ತುಳಸಿ ಗೌಡ, ಇಬ್ಬರೂ ಈ ತಾಲೂಕಿನವರು. ಇಬ್ಬರೂ ಶಾಲೆಗೆ ಹೋದವರಲ್ಲ. ಒಬ್ಬರಿಗೆ ಸಾವಿರಾರು ಹಾಡು ಬಾಯಿಪಾಠ, ಇನ್ನೊಬ್ಬರಿಗೆ ಕಾಡಿನ ಗಿಡಗಳೆಲ್ಲ ಪರಿಚಯ. ತುಳಸಿಯವರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇವರ ಸುದ್ದಿ ಕೇಳಿ ವೈನಿಗೆ ಬಹಳ ಹಿತವಾಯಿತು. ಅವರಿಗೂ ಓದು ಬರಹ ಬರುವುದಿಲ್ಲ. ಕಮಲಾಪುರದಲ್ಲಿ ಮೂರನೆಯ ಈಯತ್ತೆಗೆ ಶಾಲೆ ಬಿಡಿಸಿದರು, ಮನೆಯಲ್ಲಿ ಕೂಸು ಹೊರಲು ಆಳಿರಲಿಲ್ಲ. ಕಲಿತದ್ದೆಲ್ಲ ಮರೆತು ಈಗ ಸಹಿ ಮಾತ್ರ ಉಳಿದಿದೆ.

ಗೋಕರ್ಣದಲ್ಲಿ ದೇವರ ದರ್ಶನ, ಒಂದು ರಾತ್ರಿ ವಸತಿ. ಅಲ್ಲಿಯ ಗದ್ದಲದ ಬಗ್ಗೆ ಬರೆಯುವವರು ಬೇರೆ ಬಹಳ ಜನ ಇದ್ದಾರೆ. ಮಿರ್ಜಾನ ಕೋಟೆಯಲ್ಲಿ ಮಾತ್ರ ನಾವು ಎರಡು ತಾಸು ಕೂತೆವು. ಜಂಬಿಟ್ಟಿಗೆಯ ಗೋಡೆ, ಹಸಿರು ಪಾಚಿ, ಬಾವಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಈ ಕೋಟೆಯಲ್ಲಿ ಇದ್ದಳೆಂದು ಹೇಳುತ್ತಾರೆ. 1552ರಿಂದ 1606ರ ತನಕ, ಅಂದರೆ 54 ವರ್ಷ ಆಳಿದಳು. ಅಷ್ಟು ದೀರ್ಘಕಾಲ ಆಳಿದ ರಾಣಿ ನಮ್ಮ ದೇಶದಲ್ಲಿ ಇನ್ನೊಬ್ಬಳು ಸಿಗುವುದು ಕಷ್ಟ. ಘಟ್ಟದ ಕಾಳುಮೆಣಸು ಅವಳ ಕೈಯಲ್ಲಿತ್ತು, ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಕೊನೆಗೆ ಕೆಳದಿಯವರಿಗೆ ಸೋತು ಇಕ್ಕೇರಿಯ ಸೆರೆಯಲ್ಲಿ ಸತ್ತಳು. ಕೋಟೆಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಡಾ. ಗಜಾನನ ಶರ್ಮರ ಕಾದಂಬರಿ ಬಂದಮೇಲೆ ಅವಳ ಹೆಸರು ಒಂದಷ್ಟು ಮನೆಗಳನ್ನು ಮುಟ್ಟಿದೆ. ಅದಕ್ಕೂ ಮುಂಚೆ, ಕಿತ್ತೂರ ಚೆನ್ನಮ್ಮನನ್ನು ಬಲ್ಲ ನಮ್ಮ ಕಡೆಯ ಮಕ್ಕಳಿಗೆ ಈ ಚೆನ್ನಮ್ಮ ಗೊತ್ತೇ ಇರಲಿಲ್ಲ.

ಮುರುಡೇಶ್ವರದ ದೊಡ್ಡ ಶಿವನನ್ನು ಎಲ್ಲರೂ ನೋಡಿದ್ದೀರಿ. ಅಲ್ಲಿಂದ ಭಟ್ಕಳ. ಹಳೆಯ ಪೇಟೆಯ ಓಣಿಗಳಲ್ಲಿ ನವಾಯತರ ಮನೆಗಳು, ಕೊಂಕಣಿಗೆ ಅರಬ್ಬಿ, ಪಾರಸಿ ಬೆರೆತ ಅವರ ಮಾತು. ಈ ಭಟ್ಕಳವೇ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು. ವಿಜಯನಗರದವರಿಗೆ ಒಂದೇ ಚಿಂತೆ, ಇಲ್ಲಿ ಇಳಿದ ಕುದುರೆ ಬಹಮನಿಗಳ ಕೈಗೆ ಹೋಗಬಾರದು. ದಖ್ಖನ್ನಿನವರಿಗೆ ಕುದುರೆ ಮಾರಿದರು ಎಂಬ ಕಾರಣಕ್ಕೆ ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಯ ಮುಸಲ್ಮಾನ ವ್ಯಾಪಾರಿಗಳನ್ನು ಅರಸನ ಅಪ್ಪಣೆಯಂತೆ ಕೊಂದರೆಂದೂ, ಉಳಿದವರು ಗೋವೆಗೆ ಓಡಿದರೆಂದೂ ಪೋರ್ಚುಗೀಸ ಚರಿತ್ರಕಾರ ಬಾರೋಸ್ ಬರೆದಿದ್ದಾನೆ. 1472ರಲ್ಲಿ ಬಹಮನಿ ವಜೀರ ಮಹಮೂದ ಗವಾನ ಗೋವೆಯನ್ನೇ ಗೆದ್ದುಕೊಂಡ. ಬೀದರದ ಮದ್ರಸಾ ಕಟ್ಟಿಸಿದ ಅದೇ ಗವಾನ. ನಮ್ಮ ಕೋಟೆಯ ಲಾಯಗಳಿಗೂ ಈ ಮೀನುವಾಸನೆಯ ದಂಡೆಗೂ ನಡುವೆ ಹರಿದ ರಕ್ತ ಕಡಿಮೆಯಲ್ಲ. ಆ ಸತ್ತ ವ್ಯಾಪಾರಿಗಳಿಗೂ ಹೆಂಡಿರು ಮಕ್ಕಳಿದ್ದರು.

ಹೊನ್ನಾವರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. 1342–43ರ ಸುಮಾರಿಗೆ ಮೊರೊಕ್ಕೋ ದೇಶದ ಇಬ್ನ ಬತೂತಾ ಇಲ್ಲಿಗೆ ಬಂದ. ಮಹಮ್ಮದ ಬಿನ್ ತುಘಲಕ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು, ಉಡುಗೊರೆ ಎಲ್ಲ ಹೋದವು. ಬರಿಗೈಯಲ್ಲಿ ದಿಲ್ಲಿಗೆ ಹೋದರೆ ತಲೆ ಉಳಿದೀತೋ ಇಲ್ಲವೋ ಎಂಬ ಅಂಜಿಕೆಯಿಂದ ಹೊನ್ನಾವರದ ಅರಸು ಜಮಾಲುದ್ದೀನನ ಹತ್ತಿರ ಬಂದು ನಿಂತ. ಅಲ್ಲಿಯ ಊಟವನ್ನು ಅವನು ಹೆಂಗಸರ ಹಾಗೆ ಒಂದೊಂದಾಗಿ ಹೇಳುತ್ತಾನೆ. ತಾಮ್ರದ ಹರಿವಾಣ, ಅದಕ್ಕೆ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು ಇವುಗಳ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ಕಾಯಿಪಲ್ಲೆ, ಪ್ರತಿಯೊಂದಕ್ಕೂ ಮತ್ತೆ ಅನ್ನ, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಎಂದು ತಿಳಿಯಬೇಕು ಎಂದೂ ಬರೆದಿದ್ದಾನೆ. ಆರು ನೂರ ಎಂಬತ್ತು ವರ್ಷ ಕಳೆದರೂ ಆ ಕ್ರಮ ತಪ್ಪಿಲ್ಲ! ಆದರೆ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನ ತಿಂದು ಅವನಿಗೆ ಸಾಕುಸಾಕಾಗಿಹೋಯಿತು. ಮುಂದೆ ಮಾಲ್ಡೀವ್ಸ್, ಸಿಂಹಳದಲ್ಲೂ ಅನ್ನವೇ ಆಗಿ, ಕೊನೆಕೊನೆಗೆ ನೀರು ಕುಡಿದು ತುತ್ತು ಇಳಿಸಬೇಕಾಯಿತಂತೆ. ಖಾನಾವಳಿಯಲ್ಲಿ ಇದನ್ನು ಹೇಳಿದಾಗ ವೈನಿ ಗೆದ್ದವರ ಹಾಗೆ ನಮ್ಮನ್ನೆಲ್ಲ ನೋಡಿ ಚೀಲದಿಂದ ಕಡಕ್ ರೊಟ್ಟಿಯ ಡಬ್ಬಿ ತೆಗೆದರು.

ಅದೇ ಪುಟದಲ್ಲಿ ಇಬ್ನ ಬತೂತಾ ಇನ್ನೊಂದು ವಿಷಯ ಬರೆದಿದ್ದಾನೆ. ಹೊನ್ನಾವರದ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಉದ್ದ ವಸ್ತ್ರದ ಒಂದು ತುದಿ ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಯ ಮೇಲೂ ಎದೆಯ ಮೇಲೂ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು. ಎಲ್ಲರಿಗೂ ಕುರಾನ್ ಬಾಯಿಪಾಠ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇವೆ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎನ್ನುತ್ತಾನೆ. ಮೊರೊಕ್ಕೋದಿಂದ ಹೊರಟು ಮೆಕ್ಕಾ, ಬಾಗ್ದಾದ, ದಿಲ್ಲಿ ಎಲ್ಲ ತಿರುಗಿದ ಮನುಷ್ಯ ಹೇಳುವ ಮಾತು ಇದು. ನಮ್ಮ ಕಲಬುರಗಿ ರಾಜಧಾನಿಯಾಗುವುದಕ್ಕೆ ಇನ್ನೂ ನಾಲ್ಕೈದು ವರ್ಷ ಇತ್ತು.

ಇದನ್ನು ಹಿಗ್ಗಿಸಿ ಹೇಳಬಾರದು, ಅದು ನನಗೆ ಗೊತ್ತು. ಆ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಧರ್ಮಗ್ರಂಥ. ಓದುತ್ತಿದ್ದವರು ಊರಿನ ಮುಸಲ್ಮಾನ ಮನೆಗಳ ಮಕ್ಕಳು. ಎಣಿಸಿದವನು ಒಬ್ಬ ಪರದೇಶಿ, ಬರೆಸಿದ್ದು ಎಷ್ಟೋ ವರ್ಷಗಳ ನಂತರ ನೆನಪಿನಿಂದ. ಇರಲಿ. ಬೆಳಿಗ್ಗೆ ಎದ್ದು ಕೈಯಲ್ಲಿ ಹಲಗೆ ಹಿಡಿದು ಈ ಉಸುಕಿನ ಓಣಿಯಲ್ಲಿ ಹುಡುಗಿಯರು ಶಾಲೆಗೆ ಹೋಗುತ್ತಿದ್ದರು ಎಂಬುದರಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ.

ವೈನಿ ಇದನ್ನು ಕೇಳಿ ರೊಟ್ಟಿ ಮುರಿಯುವುದು ನಿಲ್ಲಿಸಿದರು. "ಹದಿಮೂರು ಶಾಲಿ?" ಎಂದರು. ಹೌದು ಎಂದೆ. "ಆಮ್ಯಾಲ ಆ ಹುಡುಗ್ಯಾರಿಗಿ ಶಾಲಿ ಬಿಡಿಸಿದವರು ಯಾರು?"

ಮೂವತ್ತು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ರಾಜ್ಯ ಯಾವಾಗ ಬಿತ್ತು, ಕೋಟೆ ಯಾರು ಕೆಡವಿದರು, ಬಂದರು ಯಾರ ಕೈಗೆ ಹೋಯಿತು ಎಲ್ಲಕ್ಕೂ ಇಸವಿ ಇದೆ. ಪೋರ್ಚುಗೀಸರು ಬಂದರು, ಕೆಳದಿಯವರು ಬಂದರು, ಹೈದರ, ಟೀಪು, ಇಂಗ್ಲಿಷರು ಬಂದರು. ಹದಿಮೂರು ಶಾಲೆಗಳ ಬಾಗಿಲು ಯಾವ ದಿನ ಮುಚ್ಚಿತು ಎಂದು ಬರೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ವೈನಿಯ ಶಾಲೆ ಬಿಡಿಸಿದ ದಿನವೂ ಎಲ್ಲೂ ದಾಖಲಾಗಿಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹುಡುಗಿಯರಿಗಾಗಿ ಮಹಾದೇವಿ ಅಕ್ಕನ ಹೆಸರಿನ ಶಾಲೆ ತೆರೆದದ್ದು 1934ರಲ್ಲಿ. ಹೊನ್ನಾವರದ ಲೆಕ್ಕ ಬರೆದು ಅಷ್ಟರಲ್ಲಿ ಆರು ನೂರು ವರ್ಷ ಆಗುತ್ತ ಬಂದಿತ್ತು. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಹೆಂಗಸರಲ್ಲಿ ನೂರಕ್ಕೆ 78 ಮಂದಿ ಅಕ್ಷರಸ್ಥರು, ನಮ್ಮ ಜಿಲ್ಲೆಯಲ್ಲಿ ನೂರಕ್ಕೆ 55. ಕಮಲಾಪುರದ ಹೆಣ್ಣುಮಕ್ಕಳು ಈಗ ಬಸ್ಸು ಹತ್ತಿ ಕಲಬುರಗಿಗೆ ಕಾಲೇಜಿಗೆ ಬರುತ್ತಾರೆ, ನಿಜ. ವೈನಿಯ ಮೊಮ್ಮಗಳೂ ಬರುತ್ತಾಳೆ. ಆ 45ರ ಲೆಕ್ಕದಲ್ಲಿ ವೈನಿ ಒಬ್ಬರು.

ಕೊನೆಯ ದಿನ ಶರಾವತಿಯ ಸೇತುವೆ ದಾಟಿ ಕಾಸರಕೋಡಿನ ಟೊಂಕಕ್ಕೆ ಹೋದೆವು. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ಉಸುಕಿನ ನೆಲ. ನಾವು ಉಸುಕು ಅನ್ನುವುದನ್ನು ಇಲ್ಲಿಯವರು ಹೊಯ್ಗೆ ಅನ್ನುತ್ತಾರೆ. ಇದೇ ಕಾಸರಕೋಡಿನ ಪ್ರವಾಸಿ ದಂಡೆಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಅಲ್ಲಿ ಕುರ್ಚಿ, ಛತ್ರಿ, ಸ್ನಾನದ ಕೋಣೆ ಎಲ್ಲ ಇವೆ. ನಾವು ಹೋದದ್ದು ಮೀನುಗಾರರ ಕೇರಿಯ ಕಡೆಗೆ. ಅಲ್ಲಿ ದಿಬ್ಬಗಳು ಆಳೆತ್ತರ ಏರಿವೆ. ಮೇಲೆಲ್ಲ ಮೇಕೆಯ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿದೆ. ಮುಳ್ಳುಮುಳ್ಳಾದ ತೆನೆಯ ಉಂಡೆಗಳು ಗಾಳಿಗೆ ಉರುಳುತ್ತ ಹೋಗುವ ಹುಲ್ಲೂ ಇದೆ, ಅದಕ್ಕೆ ರಾವಣನ ಮೀಸೆ ಎನ್ನುತ್ತಾರೆ. ಈ ಬಳ್ಳಿ, ಈ ಹುಲ್ಲು ಗಾಳಿ ತಂದ ಉಸುಕನ್ನು ಬೇರಿನಿಂದ ಹಿಡಿದಿಟ್ಟುಕೊಳ್ಳುತ್ತವೆ, ಅದರ ಮೇಲೆ ಮತ್ತೆ ಉಸುಕು ಕೂರುತ್ತದೆ. ದಿಬ್ಬ ಬೆಳೆಯುವುದು ಹೀಗೆ. ಮಳೆನೀರು ದಿಬ್ಬದೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ ನಿಂತಿರುತ್ತದೆ. ಸಮುದ್ರದ ಪಕ್ಕದಲ್ಲೇ ಇದ್ದರೂ ಇಂಥ ಕಡೆಯ ಬಾವಿಯಲ್ಲಿ ಸಿಹಿನೀರು ಸಿಗುವುದು ಈ ಕಾರಣಕ್ಕೆ. ದಿಬ್ಬ ಹೋದರೆ ಬಾವಿ ಉಪ್ಪಾಗುತ್ತದೆ, ಕೊಡ ಹೊತ್ತು ದೂರ ನಡೆಯುವ ಪಾಳಿ ಹೆಂಗಸರದು. ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಸಿದ ಬಲೆಯ ಮೇಲೆ ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ಮಾತಾಡಿಸಿದರು. ಇಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆ ಬಂದಾಗಿನಿಂದ ಮೀನುಗಾರರ ಕುಟುಂಬಗಳು, ಹೆಂಗಸರು ಮಕ್ಕಳ ಸಮೇತ, ವರ್ಷಗಟ್ಟಲೆ ಪ್ರತಿಭಟಿಸಿವೆ. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಬಂದು ಮೊಟ್ಟೆ ಇಡುವುದೂ ಇದೇ ಉಸುಕಿನಲ್ಲಿ. ಆಕೆ ರಾಜಕೀಯ ಮಾತಾಡಲಿಲ್ಲ. ಕೈ ಚಾಚಿ ಒಂದು ಸಪಾಟು ಜಾಗ ತೋರಿಸಿದರು. "ಅಲ್ಲೊಂದು ದಿಬ್ಬ ಇತ್ತು. ಮಳ್ಗಾಲದಲ್ಲಿ ಸಮುದ್ರ ಅದಕ್ಕೆ ಬಡ್ದು ತಿರುಗಿ ಹೋಗ್ತಿತ್ತು. ಈಗ ನೀರು ಸೀದಾ ಒಳಗೆ ಬತ್ತದೆ" ಎಂದರು. ಮೀನು ಒಣಗಿಸಲು ಇಷ್ಟು ಹೊಯ್ಗೆ ಇಲ್ಲದಿದ್ದರೆ ತಮಗೆ ಬೇರೆ ಕಸುಬಿಲ್ಲ ಎಂದೂ ಹೇಳಿದರು. ವೈನಿ ಬುಟ್ಟಿಯಲ್ಲಿ ಉಳಿದಿದ್ದ ಕೆಂಪು ಬಾಳೆಹಣ್ಣು ಕೊಟ್ಟರು. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಹಣ್ಣಾದದ್ದೋ ಕೆಟ್ಟದ್ದೋ ಎಂದು ಕೇಳಿದರು. ವೈನಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಆಕೆಯ ಮಗಳು ಬುತ್ತಿ ತಂದಳು. ಹೊನ್ನಾವರದಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಳೆ, ಇತಿಹಾಸವೂ ಒಂದು ವಿಷಯ. ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುವ ಮುಂಚೆಯೇ ವೈನಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಶುರುಮಾಡಿದರು. "ನಿಮ್ಮೂರಾಗ ಮೊದಲ ಹದಿಮೂರು ಶಾಲಿ ಇದ್ದವಂತ. ಬರೀ ಹುಡುಗ್ಯಾರಿಗಿ. ನಿನಗ ಗೊತ್ತದ ಏನವ್ವಾ?" ಹುಡುಗಿಗೆ ಗೊತ್ತಿರಲಿಲ್ಲ. ಯಾರು ಹೇಳಿದ್ದು, ಯಾವಾಗ ಎಂದು ಕೇಳಿದಳು. ವೈನಿ ಹಡಗು ಮುಳುಗಿದ್ದರಿಂದ ಹಿಡಿದು ರೊಟ್ಟಿ ಸಿಗದೆ ಒದ್ದಾಡಿದ್ದರ ತನಕ ಎಲ್ಲ ಹೇಳಿದರು. ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ, ನನ್ನ ಕಡೆ ನೋಡಿದರು. ಇಬ್ನ ಬತೂತಾ ಎಂದೆ. ಹುಡುಗಿ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು, ಒತ್ತಕ್ಷರ ಸರಿಯಿದೆಯೇ ಎಂದು ತೋರಿಸಿದಳು. ಸರಿ ಇತ್ತು. ವೈನಿ ಆ ಅಕ್ಷರಗಳ ಮೇಲೆ ಬಾಗಿ ಸ್ವಲ್ಪ ಹೊತ್ತು ನೋಡಿದರು. ಗಾಡಿಯ ಹುಡುಗ ದೂರದಿಂದ ಹಾರ್ನ್ ಹೊಡೆದ. ಕತ್ತಲಾಗುವ ಮುಂಚೆ ಗೇರುಸೊಪ್ಪೆಯ ಘಟ್ಟ ಹತ್ತಬೇಕಿತ್ತು.